ಮಹಾರಾಜರ ಮುಖವಿದ್ದ ಸ್ಟಾಂಪು

ಸಂಬಳದ ದಿನ ನನ್ನ ನಾಲಗೆಗೊಂದು ರುಚಿ ಹತ್ತುತ್ತದೆ. ಸಂಬಳದ ರುಚಿಯಲ್ಲ, ಅದು ನಾಲಗೆಯವರೆಗೆ ಬರುವುದೇ ಅಪರೂಪ. ಇದು ರೆವಿನ್ಯೂ ಸ್ಟಾಂಪಿನ ಅಂಟಿನ ರುಚಿ. ಕೃಷ್ಣರಾಜಪೇಟೆಯ ನಮ್ಮ ಕಾಲೇಜಿನ ಆಫೀಸಿನಲ್ಲಿ ಸ್ಟಾಂಪು ಒದ್ದೆ ಮಾಡಲು ಸ್ಪಂಜಿನ ಬಟ್ಟಲಿದೆ, ಅದರಲ್ಲಿ ನೀರು ಮಾತ್ರ ಇರುವುದಿಲ್ಲ. ಹಾಗಾಗಿ ತರ್ಕಶಾಸ್ತ್ರ ಹೇಳಿಕೊಡುವ ನಾನೂ ಎಲ್ಲರಂತೆ ನಾಲಗೆ ಚಾಚಿ, ನೆಕ್ಕಿ, ಅಂಟಿಸಿ, ಅಡ್ಡಲಾಗಿ ರುಜು ಹಾಕುತ್ತೇನೆ. ಹಾಕುವಾಗ ನನ್ನ ಅಜ್ಜಿಯ ಕಥೆ ಹೇಳುತ್ತೇನೆ. ಕ್ಲರ್ಕು ಪುಟ್ಟರಾಜು ಪ್ರತಿ ತಿಂಗಳೂ ಹೊಸದಾಗಿ ಕೇಳಿದವನಂತೆ ನಗುತ್ತಾನೆ.

ಕಥೆ ಇಷ್ಟೆ. ಪಾಂಡವಪುರದ ಹತ್ತಿರ ನಮ್ಮ ಹೊಲದ ಒಂದು ಮೂಲೆಯ ಮೇಲೆ ಹೊಸ ಕಾಲುವೆ ಹಾಯಬೇಕಿತ್ತು. ತಾತನನ್ನು ಮಣ್ಣು ಮಾಡಿದ್ದೂ ಅದೇ ಮೂಲೆಯಲ್ಲಿ. ಪರಿಹಾರದ ಹಣ ತಾಲ್ಲೂಕು ಕಚೇರಿಗೆ ಬಂದಿತ್ತು, ಹೊಲ ಅಜ್ಜಿಯ ಹೆಸರಿನಲ್ಲಿತ್ತು. ಗುಮಾಸ್ತ ರಶೀದಿಗೆ ಸ್ಟಾಂಪು ಅಂಟಿಸಿ ಶಾಯಿ ಮುಂದಿಟ್ಟ.

“ಎಬ್ಬೆಟ್ಟು ಒತ್ತಮ್ಮ.”

“ಒತ್ತಾಕಿಲ್ಲ. ಮಾರಾಜ್ರ ಮಕುಕ್ಕೆ ಮಸಿ ಬಳೀಲಾ? ಅವ್ರ ಕಾಲ್ದಲ್ಲಿ ಅನ್ನ ಉಂಡೋಳು ನಾನು.”

“ಹತ್ತು ನಯಾಪೈಸೆ ಸ್ಟಾಂಪು ದಂಡ ಮಾಡ್ಬ್ಯಾಡ ಕಣಮ್ಮ, ಒತ್ತು!”

ಅಜ್ಜಿ ಹೆಬ್ಬೆಟ್ಟನ್ನು ಸೆರಗಿನೊಳಗೆ ಮುಚ್ಚಿಕೊಂಡಳು. ಕಚೇರಿಗೆ ಕಚೇರಿಯೇ ನಕ್ಕಿತು. ಅಂದಿನಿಂದ ಊರಿನಲ್ಲಿ ಅವಳು ಮಾರಾಜ್ರ ಅಜ್ಜಿ.

ಇದನ್ನು ಕಚೇರಿಯ ಮುಂದೆ ನಿಂತ ನಮ್ಮ ಎತ್ತಿನ ಗಾಡಿಯಲ್ಲಿ ಕೂತು ನಾನೇ ನೋಡಿದ್ದೆ ಎಂದು ಹಲವು ಕಡೆ ಹೇಳಿದ್ದೇನೆ. ಎತ್ತಿನ ಕೊಂಬಿನ ತುದಿಯ ಹಿತ್ತಾಳೆ ಕೊಂಬಣಸು ಬಿಸಿಲಿಗೆ ಹೊಳೆದದ್ದೂ ನೆನಪಿದೆ. ಆದರೆ ನಮ್ಮ ಎತ್ತುಗಳಿಗೆ ಕೊಂಬಣಸು ಹಾಕಿಸಿದ್ದು ಎಷ್ಟೋ ಕಾಲದ ಮೇಲೆ ಎನ್ನುತ್ತಾಳೆ ನನ್ನ ತಾಯಿ. ಕೇಳಿದ್ದನ್ನೇ ಕಂಡದ್ದೆಂದು ನಂಬಿದೆನೋ ಏನೋ. ನೀವೂ ಒಮ್ಮೆ ನಿಮ್ಮ ಬಾಲ್ಯವನ್ನು ಹೀಗೆ ತಡವಿ ನೋಡಿ, ಎಷ್ಟು ಉಳಿಯುತ್ತದೋ!

ಸ್ಟಾಂಪಿನ ಉಪಾಯ ಇಂಗ್ಲಿಷರದು. ಇಬ್ಬರ ನಡುವೆ ಹಣ ಕೈ ಬದಲಾಯಿಸಿದರೆ ಮೂರನೆಯವನಾದ ಸರ್ಕಾರಕ್ಕೂ ಒಂದಾಣೆ. ಅವರ ಸ್ಟಾಂಪಿನಲ್ಲಿ ಅವರ ದೊರೆಯ ತಲೆ. ನಮ್ಮದು ಸಂಸ್ಥಾನ, ಇಲ್ಲಿ ಮಹಾರಾಜರ ಮುಖವಿದ್ದವೂ ಇದ್ದವಂತೆ. ಆಮೇಲೆ ಅಶೋಕಸ್ತಂಭದ ಸಿಂಹಗಳು ಬಂದವು. ಬಿಡಿಸಿ ಮತ್ತೆ ಅಂಟಿಸಬಾರದೆಂದೇ ರುಜುವನ್ನು ಸ್ಟಾಂಪಿನ ಮೇಲೆ ಹಾಯಿಸುವ ನಿಯಮ. ಹಾಗಿದ್ದೂ ನಾಗಮಂಗಲದ ಹೋಟೆಲಿನವನೊಬ್ಬ ಇಡ್ಲಿ ಪಾತ್ರೆಯ ಹಬೆಗೆ ಹಿಡಿದು ಹಳೆಯ ಸ್ಟಾಂಪು ಬಿಡಿಸುತ್ತಿದ್ದನಂತೆ. ಅವನ ಇಡ್ಲಿಗಳು ಯಾಕೆ ಅಷ್ಟು ಅಂಟು ಎಂದು ಗಿರಾಕಿಗಳಿಗೆ ಕೊನೆಗೂ ತಿಳಿಯಲಿಲ್ಲ.

ಹೋದ ತಿಂಗಳು ಕಥೆಯನ್ನು ನಯಾಪೈಸೆಯವರೆಗೆ ತಂದಿದ್ದೆ. ಪೆನ್ನಿನ ಕೆಳಗೆ ಸಿಂಹಗಳು ಕೂತಿದ್ದವು. ಅಲ್ಲೇ ನಿಂತುಬಿಟ್ಟೆ. ಐವತ್ತೇಳರಲ್ಲಿ ನಯಾಪೈಸೆ ಬರುವ ಹೊತ್ತಿಗೆ ದೊರೆಗಳೆಲ್ಲ ಸ್ಟಾಂಪಿನಿಂದ ಇಳಿದು ಹೋಗಿದ್ದರು. ನಯಾಪೈಸೆ ನಿಜವಾದರೆ ಮಹಾರಾಜರು ಸುಳ್ಳು. ಇಷ್ಟು ಸುಲಭದ ವಿರೋಧ ತರ್ಕದ ಮೇಷ್ಟರಿಗೆ ಇಷ್ಟು ವರ್ಷ ಕಾಣಲಿಲ್ಲ! ಅಜ್ಜಿಗೆ ಕಣ್ಣು ಮಂಜಾಗಿತ್ತು ಎನ್ನೋಣವೆಂದರೆ, ಕೊನೆಯವರೆಗೂ ಸೂಜಿಗೆ ದಾರ ಪೋಣಿಸಿದವಳು ಅವಳು.

ಭಾನುವಾರದ ಬಸ್ಸಿಗೆ ಊರಿಗೆ ಹೋದೆ. ಅಂದು ಅಜ್ಜಿಯನ್ನು ಕಚೇರಿಗೆ ಕರೆದುಕೊಂಡು ಹೋಗಿದ್ದವನು ನನ್ನ ದೊಡ್ಡಪ್ಪ. ಜಗುಲಿಯ ಮೇಲೆ ಎಲೆಗೆ ಸುಣ್ಣ ಹಚ್ಚುತ್ತಿದ್ದ.

“ದೊಡ್ಡಪ್ಪ, ಆ ಸ್ಟಾಂಪಿನ ಮೇಲೆ ಮಹಾರಾಜರು ಇದ್ರಾ?”

“ಇದ್ರು ಕಣ್ಲಾ.”

“ನಯಾಪೈಸೆ ಸ್ಟಾಂಪಿನ ಮೇಲೆ?”

ಸುಣ್ಣದ ಬೆರಳು ನಿಂತಿತು. “ಓದಿದ್ದು ಜಾಸ್ತಿ ಆಯ್ತು ಕಣ್ಲಾ ನಿಂಗೆ,” ಎಂದ. ಎಲೆ ಮಡಿಚಿ ದವಡೆಗೆ ಇಟ್ಟುಕೊಂಡ ಮೇಲೆ ಮಾತು ಬಂತು. “ಸಿಮ್ಮಾನೇ ಇದ್ದಿದ್ದು. ಅವ್ವ ಬಾಯೇ ಬುಡ್ಲಿಲ್ಲ, ಸುಮ್ಕೆ ಎಬ್ಬೆಟ್ಟು ಮುಚ್ಕೊಂಡ್ಲು. ಗುಮಾಸ್ತ ರೇಗಕ್ಕೆ ಸುರು ಮಾಡ್ದ. ನಾನೇ ‘ನಮ್ಮವ್ವಂಗೆ ಮಾರಾಜ್ರು ಅಂದ್ರೆ ಬಕ್ತಿ ಸಾಮಿ, ಮಕುಕ್ಕೆ ಮಸಿ ಬಳಿಯಾಕಿಲ್ವಂತೆ’ ಅಂದ್ಬುಟ್ಟೆ.”

“ಆ ಮೂಲೇಲಿ ತಾತನ ಸಮಾಧಿ ಗುಡ್ಡೆ ಐತೆ ಅಂತ್ಲೇ ಹೇಳಬಹುದಿತ್ತಲ್ಲ?”

“ಅಲ್ಲಿಗೆ ಬರೋರೆಲ್ಲಾ ಅದ್ನೇ ಹೇಳೋರು. ಕೇಳಿ ಕೇಳಿ ಅವ್ರ ಕಿವಿ ಕಲ್ಲಾಗಿತ್ತು. ಮಾರಾಜ್ರು ಅಂದೆ, ನಕ್ಬುಟ್ಟು ‘ಇನ್ನೊಂದಿನ ಬಾ ಓಗು’ ಅಂದ್ರು. ಅಷ್ಟ್ರಲ್ಲಿ ಅಳತೆಯೋನು ಹೊಲ ನೋಡಕ್ಕೆ ಬಂದ. ಅವ್ವ ಗುಡ್ಡೆ ಪಕ್ಕ ಕೂತಿದ್ಲು. ಅವ್ನೂ ಒಂದ್ಗಳಿಗೆ ನಿಂತ್ಕಂಡ. ಆಮ್ಯಾಲೆ ‘ಇಲ್ಲಿ ಬಂಡೆ ಐತೆ’ ಅಂತ ಬರ್ಕೊಂಡು ಹೋದ.”

“ಬಂಡೆ ಇತ್ತಾ?”

“ನಮ್ಮ ಹೊಲ್ದಲ್ಲಿ ಎಲ್ಲೈತ್ಲಾ ಬಂಡೆ?” ದೊಡ್ಡಪ್ಪ ಕೆಮ್ಮುವಷ್ಟು ನಕ್ಕ.

ಹೊಲದ ಕಡೆ ನಡೆದೆ. ನೇರ ಬರುವ ಕಾಲುವೆ ಆ ಮೂಲೆಯಲ್ಲಿ ಸ್ವಲ್ಪ ಸೊಂಟ ತಿರುಗಿಸಿ ಮುಂದೆ ಹೋಗುತ್ತದೆ. ಚಿಕ್ಕಂದಿನಿಂದ ಅಲ್ಲಿ ಈಜು ಬಿದ್ದವನು ನಾನು, ಅದು ಯಾಕೆ ಸೊಟ್ಟಗಿದೆ ಎಂದು ಒಮ್ಮೆಯೂ ಕೇಳಿರಲಿಲ್ಲ. ಒಳಗಿನ ಮೇಷ್ಟರು ಸುಮ್ಮನಿರಬೇಕಲ್ಲ, ಒಂದು ಕೋಲು ಹಿಡಿದು ಮಣ್ಣು ಚುಚ್ಚಿ ನೋಡಿದೆ. ಬೆಣ್ಣೆಗೆ ಇಳಿದಂತೆ ಇಳಿಯಿತು. ಪಕ್ಕದ ಗುಡ್ಡೆಯ ಮೇಲೆ ಯಾರೋ ಇಟ್ಟ ತುಂಬೆ ಹೂ ಬಾಡಿರಲಿಲ್ಲ.

ನಿನ್ನೆ ಮತ್ತೆ ಸಂಬಳ. ಸ್ಟಾಂಪು ನೆಕ್ಕಿ ಅಂಟಿಸಿದೆ. ನಾನು ಬಾಯಿ ತೆರೆಯದ್ದು ಕಂಡು ಪುಟ್ಟರಾಜುವೇ ಕೇಳಿದ, “ಯಾಕ್ ಸಾರ್, ಇವತ್ತು ಅಜ್ಜಿ ಕಥೆ ಇಲ್ವಾ? ಅಲ್ಲಾ, ನಿಜಕ್ಕೂ ಅದ್ರ ಮೇಲೆ ಮಾರಾಜ್ರ ಮುಖ ಇತ್ತಾ ಸಾರ್?”

ವರ್ಷಗಟ್ಟಲೆ ಹುಡುಗರ ವಾದಗಳಿಗೆ ಕೆಂಪು ಗೀಟು ಎಳೆದ ಕೈಯಲ್ಲೇ ಪೆನ್ನಿತ್ತು.

“ಇತ್ತು ಕಣಯ್ಯ. ನಾನೇ ನೋಡಿದೀನಿ,” ಎಂದು ಸಿಂಹಗಳ ಮೇಲೆ ಅಡ್ಡಲಾಗಿ ರುಜು ಹಾಕಿದೆ.