ಕುಸ್ತಿಪಟುವಿನ ಹೆಗಲು, ಬೆಳ್ಳಕ್ಕನ ಬುಟ್ಟಿ

ಬೆಳಗಿನ ಆರು ಗಂಟೆ. ಬೈಂದೂರಿನ ಈ ಪುಟ್ಟ ಅಡುಗೆಮನೆಯಲ್ಲಿ ಗ್ಯಾಸ್ ಒಲೆಯ ಒಂದು ಕಡೆ ಚಾ ಕುದಿಯುತ್ತಿದೆ, ಇನ್ನೊಂದು ಕಡೆ ಒಬ್ಬ ಕುಸ್ತಿಪಟು ಕುದಿಯುತ್ತಿದ್ದಾನೆ. ಗೇಣುದ್ದದ ಪ್ಲಾಸ್ಟಿಕ್ ಆಸಾಮಿ. ಶೈಲೇಶ್ ಅವನನ್ನು ಇಕ್ಕಳದಲ್ಲಿ ಎತ್ತಿ, ಹಳೆ ಬಟ್ಟೆಯಲ್ಲಿ ಸುತ್ತಿ, ಒಂದೇ ತಿರುವಿಗೆ ತಲೆ ಕಿತ್ತು ಕೈಗೆ ತೆಗೆದುಕೊಳ್ಳುತ್ತಾರೆ. ನಾನು ಬೆಚ್ಚಿದ್ದು ಕಂಡು ಅವರ ಹೆಂಡತಿ ಹರಿಣಾಕ್ಷಿ ನಗುತ್ತಾರೆ.

"ಸುರುವಿಗೆ ನಂಗೂ ಹೆದ್ರಿಕೆ ಆತಿದ್ದಿತ್ತ್. ಈಗ ಇವ್ರ್ ತಲೆ ತೆಗುದ್ರೊಳ್ಗೆ ನನ್ ಚಾ ಆತ್ತ್."

ಮಕ್ಕಳು ಆಡುವ ಸೈನಿಕ, ಸೂಪರ್‌ಹೀರೊ, ಕುಸ್ತಿಪಟು ಗೊಂಬೆಗಳ ಕೈಕಾಲು ಬದಲಿಸಿ, ಪುಟ್ಟಿ ಮೆತ್ತಿ, ಹೊಸ ಬಣ್ಣ ಕೊಟ್ಟು ಬೇರೆಯೇ ಆಳಾಗಿ ಎಬ್ಬಿಸುವುದು ಶೈಲೇಶರ ಕಸುಬು. ಬಿಸಿನೀರಿಗೆ ಹಾಕಿದರೆ ಕೀಲು ಮೆತ್ತಗಾಗಿ ತಲೆ ಸುಲಭವಾಗಿ ಕಳಚುತ್ತದಂತೆ. ಇಂಥ ಕೆಲಸಗಾರರೊಬ್ಬರು ನಮ್ಮ ಕಡಲಬದಿಯಲ್ಲೇ ಇದ್ದಾರೆ ಎಂದು ಗೊತ್ತಾದ ದಿನದಿಂದ ನನಗೆ ಕೂತಲ್ಲಿ ಕೂರಲಾಗಿರಲಿಲ್ಲ. ಈಗ ಈ ಮನೆಯ ಕಿಟಕಿಕಟ್ಟೆಯ ಮೇಲೆ ಸಾಲಾಗಿ ಒಣಗುತ್ತಿರುವ ರಾಕ್ಷಸರನ್ನು, ಯೋಧರನ್ನು ಕಂಡು ನಾನೇ ಚಿಕ್ಕ ಹುಡುಗನಾಗಿದ್ದೇನೆ. ಮುಟ್ಟಬೇಡಿ ಎಂದು ಶೈಲೇಶ್ ಆಗಲೇ ಎರಡು ಸಲ ಹೇಳಿದ್ದಾರೆ.

ಶೈಲೇಶರ ಅಪ್ಪ, ಕರಿಯ ಎಂಬವರು, ದೋಣಿಗಳಿಗೆ ಬಣ್ಣ ಬಳಿಯುತ್ತಿದ್ದವರು. ಮಗನೂ ಅದೇ ಡಬ್ಬ, ಅದೇ ಬ್ರಷ್ ಹಿಡಿದು ಬೆಳೆದವರು. ಬಣ್ಣ ಅಚ್ಚಿನಲ್ಲೇ ಸೇರಿಕೊಂಡ ಫೈಬರ್ ದೋಣಿಗಳು ಹೆಚ್ಚಾದಂತೆ ಕೆಲಸ ಕಡಿಮೆಯಾಯಿತು. ಅದೇ ಹೊತ್ತಿಗೆ ಮುಂಬೈಯಿಂದ ಬಂದ ತಂಗಿಯ ಮಗ ರೋಹನ್ ಬಣ್ಣ ಹೋದ ಗೊಂಬೆಯೊಂದನ್ನು ಹಿಡಿದುಕೊಂಡು ಅಳುತ್ತಿದ್ದ. ಮಾವ ಸರಿ ಮಾಡಿಕೊಡುತ್ತೇನೆ ಎಂದು ಕೂತರು, ಮತ್ತು ದೋಣಿ ಬಣ್ಣದವರು ಮಾತ್ರ ಮಾಡಬಹುದಾದ ತಪ್ಪು ಮಾಡಿದರು.

"ದೋಣಿಗೆ ಮೂರ್ ಕೈ ಬಣ್ಣ ಹೊಡಿದೆ ಇದ್ರೆ ಉಪ್ಪುನೀರ್ ತಿಂತ್ತ್. ಅದೇ ಲೆಕ್ಕ ಗೊಂಬಿಗೂ ಹಾಕ್ದೆ. ಮೂರ್ನೇ ಕೈ ಆಪ ಹೊತ್ತಿಗೆ ಕಾಂತೆ, ಮೂಗೇ ಇಲ್ಲೆ."

ಹುಡುಗ ಇನ್ನೂ ಜೋರಾಗಿ ಅತ್ತ. ಆ ಸಿಟ್ಟಿಗೇ ಶೈಲೇಶ್ ಬಣ್ಣವನ್ನು ನೀರು ಮಜ್ಜಿಗೆಯಷ್ಟು ತೆಳು ಮಾಡಲು ಕಲಿತರು, ಥಿನ್ನರ್ ಸುರಿದು ಎಷ್ಟೋ ಗೊಂಬೆಗಳ ಮುಖ ಕರಗಿಸಿ ಥಿನ್ನರ್ ಬಿಡಲು ಕಲಿತರು. ರೋಹನನ ಅಮ್ಮ ಸರಿಯಾದ ಗೊಂಬೆಯ ಫೋಟೊ ಇಂಟರ್ನೆಟ್ಟಿಗೆ ಹಾಕಿದ್ದೇ ತಡ, ಮುಂಬೈ, ಪುಣೆಯಿಂದ ಪಾರ್ಸೆಲ್‌ಗಳು ಬರತೊಡಗಿದವು. ದಿನಕ್ಕೆ ಎರಡು ಮುಖ ಬರೆದರೆ ಕಣ್ಣು ಸಾಕು ಎನ್ನುತ್ತದೆ. ಊರಿನಲ್ಲಿ ಮಾತ್ರ ಹಿತ್ತಲ ಗಿಡ ಮದ್ದಲ್ಲ. ಇಷ್ಟು ದೊಡ್ಡ ಗಂಡಸು ಗೊಂಬೆ ಹಿಡಿದು ಕೂರುತ್ತಾನೆ ಎಂದು ನಗುವವರೇ ಎಲ್ಲ.

ಹಾಗಿರುವಾಗ ತೆಕ್ಕಟ್ಟೆಯಿಂದ ಜಲಜ ಎಂಬ ಮೀನು ಮಾರುವ ಹೆಂಗಸು ಫೋನು ಮಾಡಿದರು. ಜೊತೆಯಲ್ಲಿ ಮಾರುವ ಹಿರಿಯಾಕೆ ಬೆಳ್ಳಕ್ಕ ಮಂಡಿನೋವಿನಿಂದ ಈ ತಿಂಗಳಿಗೆ ಮಾರುಕಟ್ಟೆ ಬಿಡುತ್ತಾರೆ, ಅವರು ಕೂರುವ ಜಾಗದಲ್ಲಿ ಇಡಲು ಅವರದ್ದೇ ಒಂದು ಗೊಂಬೆ ಬೇಕು ಎಂದರು. ಊರಿನವರು ಶೈಲೇಶರಲ್ಲಿ ಕೇಳಿದ ಮೊದಲ ಕೆಲಸ ಅದು. ಫೋನಿಟ್ಟ ಮೇಲೆ ಅವರು ಅನ್ನ ಉಣ್ಣಲೂ ಏಳಲಿಲ್ಲ ಎಂದು ಹರಿಣಾಕ್ಷಿ ನೆನೆಸಿಕೊಳ್ಳುತ್ತಾರೆ.

ಆದರೆ ಶೈಲೇಶ್ ಮಾಡಿಕೊಟ್ಟ ಆ ಮೊದಲ ಗೊಂಬೆಯನ್ನು ಬೆಳ್ಳಕ್ಕ ಕೈಯಲ್ಲೂ ಮುಟ್ಟಲಿಲ್ಲ. ಸಿನಿಮಾ ನಾಯಕಿಯ ಗೊಂಬೆಗೆ ಸೀರೆ ಉಡಿಸಿದ್ದರಲ್ಲ, ಸೊಂಟ ಕಿರುಬೆರಳಷ್ಟೇ ದಪ್ಪ. "ಈ ಸೊಂಟ ನಂಗೆ ಮದ್ವಿ ಆಪ ಹೊತ್ತಿಗೂ ಇರ್ಲಿಲ್ಲೆ" ಎಂದರಂತೆ. ಅದಾದರೂ ನಗುವ ಮಾತು. ನಗಲಾಗದ್ದು ಬುಟ್ಟಿಯಲ್ಲಿತ್ತು. ಮುಂಬೈಯ ರಾಕ್ಷಸರಿಗೆ ಕೆಂಪು ಕಣ್ಣು ಬರೆದು ರೂಢಿಯಾದ ಕೈ, ಬಂಗಡೆಗಳಿಗೂ ಕೆಂಪು ಕಣ್ಣು ಬರೆದುಬಿಟ್ಟಿತ್ತು. ಕಣ್ಣು ಕೆಂಪಾದ ಮೀನು ಹಳಸಿದ ಮೀನು. ಅದನ್ನು ಜೀವಮಾನದಲ್ಲಿ ಮಾರದವರ ತಲೆಯ ಮೇಲೆ ಹೊರಿಸಿ ನಿಲ್ಲಿಸಿದ್ದರು. ಮೀನುಗಾರರ ನಡುವೆಯೇ ಬೆಳೆದ ಶೈಲೇಶ್ ನಾಚಿಕೆಯಿಂದ ಎರಡು ದಿನ ಬ್ರಷ್ ಮುಟ್ಟಲಿಲ್ಲ.

ಆದ್ದರಿಂದಲೇ ಇವತ್ತು ಈ ಕುಸ್ತಿಪಟು ಕುದಿದದ್ದು. ವರ್ಷಗಟ್ಟಲೆ ಬುಟ್ಟಿ ಹೊತ್ತು ಮನೆಮನೆ ತಿರುಗಿದವರ ಹೆಗಲು ಹೆಂಗಸರ ಗೊಂಬೆಗಳಲ್ಲಿ ಸಿಗುವುದಿಲ್ಲವಂತೆ. ತಲೆ ತೆಗೆದ ಮೈಯನ್ನು ಮರಳು ಕಾಗದದಲ್ಲಿ ಉಜ್ಜುತ್ತ ಶೈಲೇಶ್ ಮೆಲ್ಲಗೆ ಹೇಳುತ್ತಾರೆ: "ಈ ಸಲ ಬೆಳ್ಳಕ್ಕ ಬ್ಯಾಡ ಅಂದ್ರೆ, ಊರಿನವ್ರ್ ಮತ್ತೆ ನನ್ ಹತ್ರ ಬಪ್ಪುದಿಲ್ಲೆ."

ಮುಂದಿನ ಶನಿವಾರ ನಾನೂ ಅವರ ಜೊತೆ ಬಸ್ಸು ಹತ್ತುತ್ತೇನೆ. ಗೊಂಬೆ ಬೂಟಿನ ಡಬ್ಬದಲ್ಲಿ ನಿಂತಿದೆ, ಡಬ್ಬ ಅವರ ಮಡಿಲಲ್ಲಿದೆ. ಕುಂದಾಪುರ ದಾಟುವುದರೊಳಗೆ ಅವರು ಮೂರು ಸಲ ಮುಚ್ಚಳ ತೆರೆದು ನೋಡುತ್ತಾರೆ. ಪ್ರತಿ ಸಲವೂ ನಾನೂ ಬಗ್ಗಿ ನೋಡುತ್ತೇನೆ, ಪರೀಕ್ಷೆ ನನ್ನದಲ್ಲದಿದ್ದರೂ.

ತೆಕ್ಕಟ್ಟೆಯಲ್ಲಿ ಮಾರಾಟ ಜೋರು. ಬೆಳ್ಳಕ್ಕ ಕೈ ಒರೆಸಿಕೊಂಡು ಗೊಂಬೆಯನ್ನು ತೆಗೆದುಕೊಳ್ಳುತ್ತಾರೆ. ಮುಖ ನೋಡುವುದಿಲ್ಲ, ಮೊದಲು ನೋಡುವುದು ಬುಟ್ಟಿಯನ್ನೇ. ಅಕ್ಕಿಕಾಳಿಗಿಂತ ತುಸು ದೊಡ್ಡ ಬಂಗಡೆಗಳು, ಬೆನ್ನಿನ ಮೇಲೆ ಹಸಿರು ಗೆರೆ, ಕಪ್ಪು ಹೊಳೆಯುವ ಕಣ್ಣು.

"ಇದ್ ಇವತ್ತಿನ್ ಮೀನ್" ಎನ್ನುತ್ತಾರೆ.

ಆಮೇಲೆ ಹೆಗಲು ಮುಟ್ಟಿ ನೋಡುತ್ತಾರೆ. ಒಂದು ಹೆಗಲು ತುಸು ಇಳಿದಿದೆ, ಅವರದ್ದೂ ಹಾಗೆಯೇ. ಮೇಲೆತ್ತಿ ಕಟ್ಟಿದ ಸೀರೆ, ಎಲೆಅಡಿಕೆಯ ತುಟಿ. ಪಕ್ಕದಲ್ಲಿ ಜಲಜ ತಕ್ಕಡಿ ಕೆಳಗಿಟ್ಟು ಇತ್ತ ಬಗ್ಗುತ್ತಾರೆ. ಬೆಳ್ಳಕ್ಕ ಗೊಂಬೆಯನ್ನು ತಮ್ಮ ಮೀನಿನ ರಾಶಿಯ ಪಕ್ಕ, ರಸ್ತೆಗೆ ಮುಖ ಮಾಡಿ ಇಡುತ್ತಾರೆ. ಬೈಕಿನಿಂದ ಇಳಿದ ಗಿರಾಕಿಯೊಬ್ಬರು ಬಂಗಡೆ ಬಿಟ್ಟು ಗೊಂಬೆಗೆ ಎಷ್ಟು ಎಂದು ಕೇಳುತ್ತಾರೆ.

"ಅದ್ ಮಾರುದಲ್ಲ. ಅದ್ ನಾನ್" ಎನ್ನುತ್ತಾರೆ ಬೆಳ್ಳಕ್ಕ. "ಬಪ್ಪ ತಿಂಗ್ಳಿಂದ ಕ್ರಯ ಅದ್ರ್ ಹತ್ರವೇ ಮಾತಾಡಿ."

ಮಾರುಕಟ್ಟೆಗೆ ಮಾರುಕಟ್ಟೆಯೇ ನಗುತ್ತದೆ. ಜಲಜ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ ನಗುತ್ತಾರೆ. ಶೈಲೇಶ್ ನಗುವುದಿಲ್ಲ. ಖಾಲಿ ಡಬ್ಬವನ್ನು ಎದೆಗೆ ಒತ್ತಿಕೊಂಡು ನನ್ನ ಕಡೆ ತಿರುಗಿ ಕೇಳುತ್ತಾರೆ:

"ಕೇಂಡ್ರ್ಯಾ? ‘ಅದ್ ನಾನ್’ ಅಂದ್ರ್ ಅವ್ರ್."