ಕೆಂಪು ಗೆರೆಯ ಮಾತುಗಳು

ಬ್ಯಾಡಗಿಯ ಫಕ್ರುದ್ದೀನನಿಗೆ ಓರೆ ಅಕ್ಷರ ಕಂಡರೆ ಅಷ್ಟಕ್ಕಷ್ಟೆ. ಲಗ್ನಪತ್ರಿಕೆ ಮಾಡಿಸಲು ಬಂದವರು "ಪೂರ್ತಿ ಇಟಾಲಿಕ್ ಇರಲಿ, ಚಂದ ಕಾಣತೈತಿ" ಅಂದರೆ ಕಂಪ್ಯೂಟರ್ ಬಿಟ್ಟು ಎದ್ದು ನಿಲ್ಲುತ್ತಾನೆ. "ಒಂದ ಮಾತು ಬ್ಯಾರೆ ಐತಿ ಅಂತ ತೋರಸಾಕ ಅದನ್ನ ವಾಲಸೂದ್ರಿ. ಎಲ್ಲಾನೂ ವಾಲಸಿದ್ರ ಏನ್ ತೋರಿಸಿದಂಗಾತು?" ಗಿರಾಕಿ ಮುಖ ತಿರುವಿ ಹೋದರೂ ಅವನಿಗೆ ಚಿಂತೆಯಿಲ್ಲ.

ಅವನು ಕೆಲಸ ಕಲಿತದ್ದು ರಾಣೆಬೆನ್ನೂರಿನ ಒಂದು ಮುದ್ರಣಾಲಯದಲ್ಲಿ, ಸೀಸದ ಅಚ್ಚುಮೊಳೆಗಳನ್ನು ಒಂದೊಂದಾಗಿ ಜೋಡಿಸುತ್ತಿದ್ದ ಕಾಲದಲ್ಲಿ. ಅಲ್ಲಿದ್ದ ಕನ್ನಡದ ಮೊಳೆಗಳೆಲ್ಲ ನೆಟ್ಟಗಿನವು. ಕಂಪ್ಯೂಟರ್ ಬಂದ ಮೇಲೆ ಒಂದು ಗುಂಡಿ ಒತ್ತಿದರೆ ಸಾಲಿಗೆ ಸಾಲೇ ಬಲಕ್ಕೆ ವಾಲತೊಡಗಿತು. ಆ ಗುಂಡಿಯನ್ನು ಅವನು ಊಟಕ್ಕೆ ಉಪ್ಪಿನಕಾಯಿ ಬಡಿಸುವಷ್ಟೇ ಬಳಸುತ್ತಾನೆ: ಪುಸ್ತಕದ ಹೆಸರಿಗೆ, ಒತ್ತಿ ಹೇಳುವ ಮಾತಿಗೆ, ಹೊರಗಿನ ಭಾಷೆಯ ಪದಕ್ಕೆ. ಈ ಮೂರನೆಯದನ್ನು ಅವನಿಗೆ ಕಲಿಸಿದವನು ನಾನು.

ನಾನು ರುದ್ರಮುನಿ, ಹಾವೇರಿಯಲ್ಲಿ ಮೂವತ್ತು ವರ್ಷ ಕನ್ನಡ ಕಲಿಸಿ ನಿವೃತ್ತನಾದ ಮಾಸ್ತರ. ಕೆಂಪು ಪೆನ್ನು ಕೈಗೆ ಬಂದರೆ ನನಗೆ ಎದುರಿಗಿದ್ದವರು ಯಾರೂ ಕಾಣುವುದಿಲ್ಲ. ಹೋದ ವರ್ಷ ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ದುಡಿದ ಹಿರಿಯರ ಮಾತುಗಳನ್ನು ಬರೆದುಕೊಂಡು ಒಂದು ಪುಸ್ತಕ ಮಾಡಿದೆ. ಅದರಲ್ಲಿ ಚೀಲ ಹೊರುತ್ತಿದ್ದ ಶಂಕ್ರಪ್ಪ ಇದ್ದರು, ಕಾಯಿಯ ತೊಟ್ಟು ಬಿಡಿಸುತ್ತಿದ್ದ ಬಿಸ್ಮಿಲ್ಲಾಬಿ ಇದ್ದರು. ಬಿಸ್ಮಿಲ್ಲಾಬಿ ಫಕ್ರುದ್ದೀನನ ತಾಯಿ. ಪುಸ್ತಕದ ಅಕ್ಷರ ಜೋಡಿಸಿದವನು ಫಕ್ರುದ್ದೀನನೇ.

ಕೈಬರಹದಲ್ಲಿ ನಾನು ಯಾವ ಪದದ ಕೆಳಗೆ ಕೆಂಪು ಗೆರೆ ಎಳೆಯುತ್ತೇನೋ ಅದನ್ನು ಅವನು ಓರೆ ಮಾಡಬೇಕು, ಇದು ನಮ್ಮಿಬ್ಬರ ರೂಢಿ. ಬಿಸ್ಮಿಲ್ಲಾಬಿಯ ಪುಟಗಳಲ್ಲಿ ಧಾರಾಳವಾಗಿ ಗೆರೆ ಎಳೆದೆ. ನಿಜಕ್ಕೆ ಖರೇ, ಬೇಗಕ್ಕೆ ಲಗೂ, ಚಿಂತೆಗೆ ಫಿಕರ, ಬದುಕಿಗೆ ಜಿಂದಗಿ, ಎಲ್ಲವೂ ಪರಭಾಷೆ. ಅಚ್ಚಿಗೆ ಹೋಗುವ ಮೊದಲು ಫಕ್ರುದ್ದೀನ ಫೋನು ಮಾಡಿದ.

"ಸರ್, ನಮ್ಮ ಅಮ್ಮನ ಪುಟದಾಗ ಭಾಳ ಗೆರಿ ಅದಾವ್ರಿ. ಎಲ್ಲಾ ವಾಲಸ್ಲೇನ್ರಿ?"

"ಗೆರಿ ಎಳದದ್ದು ಯಾಕ ಮತ್ತ? ಹೇಳಿದಷ್ಟು ಮಾಡಪಾ," ಎಂದೆ.

ಅವನು "ಆತ್ರಿ" ಎಂದ.

ಪುಸ್ತಕ ಬಂತು. ಭಾನುವಾರ ಹಾವೇರಿಯಲ್ಲಿ ಬಿಡುಗಡೆ, ಮೊದಲ ಪ್ರತಿ ಬಿಸ್ಮಿಲ್ಲಾಬಿಯ ಕೈಗೇ ಕೊಡಬೇಕೆಂಬುದು ನನ್ನ ಆಸೆ. ಕರೆಯಲು ಅವರ ಮನೆಗೆ ಹೋದೆ. ಫಕ್ರುದ್ದೀನ ನನ್ನ ಮುಂದೆ ಚಹಾ ಇಟ್ಟು ಪಕ್ಕದಲ್ಲಿ ಕುಳಿತ. ಓದಲು ಬಾರದ ಅಜ್ಜಿಗೆ ಮೊಮ್ಮಗಳು ಮೆಹನಾಜ ಪುಸ್ತಕ ಓದಿ ಹೇಳುತ್ತಿದ್ದಳು. ಓರೆ ಅಕ್ಷರ ಬಂದಲ್ಲಿ ಒತ್ತಿ ಓದಬೇಕೆಂದು ಅಪ್ಪ ಅವಳಿಗೆ ಎಂದೋ ಹೇಳಿಕೊಟ್ಟಿದ್ದ. ಅವಳು ಸಾಲಿಗೆರಡು ಸಲ ದನಿ ಏರಿಸುತ್ತಿದ್ದಳು. ಬಿಸ್ಮಿಲ್ಲಾಬಿಯ ಮೆತ್ತನೆಯ ಮಾತು ಜಗಳದ ಹಾಗೆ ಕೇಳುತ್ತಿತ್ತು.

"ನಾ ಹಿಂಗ ಮಾತಾಡತೇನೇನು?" ಎಂದರು ಬಿಸ್ಮಿಲ್ಲಾಬಿ. "ಶಂಕ್ರಪ್ಪನೂ ಖರೇ ಅಂದಾನ, ಲಗೂ ಅಂದಾನ. ಅವಂದು ಓದುವಾಗ ನೀ ದನಿ ಏರಸಲಿಲ್ಲ."

"ಅವರ ಅಕ್ಷರ ನೆಟ್ಟಗ ಅದಾವ, ದಾದಿ. ನಿಂದಷ್ಟ ವಾಲ್ಯಾವ."

ಪುಸ್ತಕ ಇಸಿದುಕೊಂಡು ಪುಟ ತಿರುವಿದೆ. ಹುಡುಗಿ ಹೇಳಿದ್ದು ನಿಜ. ಖರೇ ಎನ್ನದೆ ನನ್ನ ತಾಯಿಯೇ ಒಂದು ಮಾತು ಆಡುತ್ತಿರಲಿಲ್ಲ. ಶಂಕ್ರಪ್ಪನ ಬಾಯಲ್ಲಿ ಆ ಪದ ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಬಿಸ್ಮಿಲ್ಲಾಬಿಯ ಬಾಯಲ್ಲಿ ಅದೇ ಪದ ಪರಭಾಷೆಯಾಗಿತ್ತು. ಪದ ನೋಡುವ ಮೊದಲು ನನ್ನ ಪೆನ್ನು ಹೆಸರು ನೋಡಿತ್ತು.

"ಯಾರು ಮಾಡಿದ್ದು ಇದು?" ಬಿಸ್ಮಿಲ್ಲಾಬಿ ನನ್ನನ್ನೂ ಮಗನನ್ನೂ ನೋಡಿದರು.

ಫಕ್ರುದ್ದೀನ ನನ್ನ ಕಡೆ ತಿರುಗಲಿಲ್ಲ. "ನಾನ ಅಮ್ಮಾ. ಕೈ ತಪ್ಪಿ ಗುಂಡಿ ಒತ್ತೇನಿ."

ಆಗ ನಾನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಮುಂದಿದ್ದ ಚಹಾ ಎತ್ತಿ ಕುಡಿದೆ. ಐವತ್ತು ದಾಟಿದ ಮಗನನ್ನು ತಾಯಿ ನನ್ನೆದುರೇ ಬೈದರು, "ಊರ ಮಂದಿ ಅಕ್ಷರ ಎಲ್ಲಾ ನೆಟ್ಟಗ ಮಾಡತಿ, ಹಡದಾಕಿದು ಮಾಡಾಕ ಆಗಲಿಲ್ಲೇನು?" ಎಂದರು. ನಾನು ಕಪ್ಪು ಕೆಳಗಿಟ್ಟು, ಭಾನುವಾರ ತಪ್ಪದೆ ಬರಬೇಕೆಂದು ಹೇಳಿ ಬಸ್ಸು ಹತ್ತಿದೆ. ಹಾವೇರಿ ದಾರಿಯ ಮೋಟೆಬೆನ್ನೂರು ದಾಟುವವರೆಗೆ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅಲ್ಲಿಂದ ಮುಂದೆ ಅದೂ ಆಗಲಿಲ್ಲ.

ಭಾನುವಾರ ಬಿಸ್ಮಿಲ್ಲಾಬಿ ಬರಲಿಲ್ಲ. ಫಕ್ರುದ್ದೀನ ಒಬ್ಬನೇ ಬಂದು, ಪುಸ್ತಕದ ಕಟ್ಟು ಬಿಚ್ಚಿ ಮೇಜಿನ ಮೇಲಿಟ್ಟು, ಹಿಂದಿನ ಸಾಲಿನಲ್ಲಿ ಕುಳಿತ. ಮೊದಲ ಪ್ರತಿ ಶಂಕ್ರಪ್ಪನ ಕೈಗೆ ಹೋಯಿತು. ಚಪ್ಪಾಳೆಗೆ ನಾನು ತಲೆ ಎತ್ತಲಿಲ್ಲ.

ಮರುದಿನ ಬೆಳಿಗ್ಗೆಯೇ ಬ್ಯಾಡಗಿಗೆ ಹೋದೆ. ಬಿಸ್ಮಿಲ್ಲಾಬಿ ಬಾಗಿಲಲ್ಲಿ ಕುಳಿತಿದ್ದರು. ನಿಂತಲ್ಲೇ ಹೇಳಿದೆ: "ಗೆರಿ ಎಳದಾಂವ ನಾನ್ರಿ, ತಾಯಿ. ಫಕ್ರುದ್ದೀನಂದು ಏನೂ ತಪ್ಪಿಲ್ಲ."

"ಗೊತ್ತದರಿ," ಎಂದರು. "ನನ್ನ ಮಗನ ಕೈ ಹಂಗ ತಪ್ಪೂದಿಲ್ಲ. ಅವತ್ತ ಅವನ್ನ ಬೈಕೋತ, ನೀವ ಹೇಳತೀರಿ ಅಂತ ಕಾದೆ. ನೀವು ಚಹಾ ಪೂರಾ ಮುಗಿಸಿದ್ರಿ."