ಬರ್ಮಾದ ಮುಂದಿನ ಮಣೆ

ಒಂದು ಮಣೆಯ ಮೇಲೆ ಕೂರುವ ಆಸೆಗೆ ನಾನು ನನ್ನ ನೆಗೆಣ್ಣಿಯನ್ನು ನೋಡಿ ಮೂರು ವರ್ಷ ಹೊಟ್ಟೆ ಉರಿದುಕೊಂಡೆ. ಈಗಿನವರಿಗೆ ಹೇಳಿದರೆ ನಗುತ್ತಾರೆ. ನಗಲಿ. ಸೀರೆಗೆ, ಬಂಗಾರಕ್ಕೆ ಉರಿದುಕೊಂಡವರನ್ನು ನೋಡಿ ಯಾರೂ ನಗುವುದಿಲ್ಲವಲ್ಲ.

ಆಗ ನಿಜಾಮರ ಕಾಲ. ಜಹೀರಾಬಾದಿನಲ್ಲಿ ನಮ್ಮ ಮಾವನವರು ತಕ್ಕಡಿ ಮಾಡುತ್ತಿದ್ದರು. ಗಂಜಿನ, ಅಂದರೆ ಧಾನ್ಯದ ಪೇಟೆಯ ವ್ಯಾಪಾರಿಗಳು ಜೋಳ, ತೊಗರಿ ತೂಗುವ ದೊಡ್ಡ ತಕ್ಕಡಿಗಳು. ಅವು ಬಂಡಿಯಲ್ಲಿ ನಾರಾಯಣಖೇಡಕ್ಕೆ, ತಾಂಡೂರಿಗೆಲ್ಲ ಹೋಗುತ್ತಿದ್ದವು. ಒಯ್ಯುವವರು ಮಕ್ಕಳಿಬ್ಬರು, ಅಂದರೆ ನನ್ನ ಗಂಡ ಮತ್ತು ಮೈದುನ. ತಕ್ಕಡಿಯ ಜೀವವೆಲ್ಲ ಅದರ ದಂಡಿಯಲ್ಲಿ, ಆ ಕಬ್ಬಿಣದ ಪಟ್ಟಿಗೆ ಕೊರೆಯುವ ಮೂರು ತೂತುಗಳಲ್ಲಿ. ನಡುವಿನ ತೂತು ಕೂದಲೆಳೆಯಷ್ಟು ಸರಿದರೂ ಆ ತಕ್ಕಡಿ ಜೀವಮಾನವೆಲ್ಲ ಸುಳ್ಳು ಹೇಳುತ್ತದೆ.

ಆ ತೂತು ಕೊರೆಯುವ ಯಂತ್ರ ಪಡಸಾಲೆಯ ಸಾಗುವಾನಿ ಕಂಬಕ್ಕೆ ಬಿಗಿದಿತ್ತು. ಮನೆಯಲ್ಲಿ ಎಲ್ಲರೂ ಅದಕ್ಕೆ ಬರ್ಮಾ ಅನ್ನುತ್ತಿದ್ದೆವು. ಹೈದರಾಬಾದಿನಿಂದ ರೈಲಿನಲ್ಲಿ ಬಂದದ್ದು. ಪಕ್ಕಕ್ಕೆ ಒಂದು ಭಾರವಾದ ಚಕ್ರ, ಅದಕ್ಕೆ ಹಿಡಿಕೆ. ಒಬ್ಬರು ನಿಂತು ಚಕ್ರ ತಿರುಗಿಸಬೇಕು. ಇನ್ನೊಬ್ಬರು ಮುಂದಿನ ಮಣೆಯ ಮೇಲೆ ಕೂತು, ಮೇಲಿನ ಸಣ್ಣ ಚಕ್ರದಿಂದ ಉಕ್ಕಿನ ಮೊನೆಯನ್ನು ಮೆಲ್ಲಗೆ ಇಳಿಸುತ್ತ, ಎಣ್ಣೆ ಬಿಡುತ್ತ, ತೂತು ಗುರುತಿನ ಮೇಲೆ ಬೀಳುವಂತೆ ನೋಡಿಕೊಳ್ಳಬೇಕು. ಚಕ್ರ ತಿರುಗಿಸುವುದಕ್ಕೆ ರಟ್ಟೆ ಇದ್ದರೆ ಸಾಕು, ಮಣೆಗೆ ಕೈ ಬೇಕು. ತಕ್ಕಡಿಯನ್ನು ಯಾರಾದರೂ ಮೆಚ್ಚಿದರೆ ಮೆಚ್ಚುತ್ತಿದ್ದದ್ದು ಮಣೆಯ ಮೇಲೆ ಕೂತವರನ್ನು.

ಮಾವನವರಿಗೆ ಒಂದು ಜ್ವರ ಬಂದು ಹೋದ ಮೇಲೆ ಕೈ ನಡುಗತೊಡಗಿತು. ಮಕ್ಕಳಿಗೆ ವ್ಯಾಪಾರದ ಹುಚ್ಚು, ಕಬ್ಬಿಣದ ಹುಚ್ಚಿಲ್ಲ. ಹಾಗಾಗಿ ಕೆಲಸ ಸೊಸೆಯರಿಗೆ ಬಂತು. ಆ ಕಾಲದಲ್ಲಿ ಮಾವ ಸೊಸೆಯ ಮುಖ ನೋಡಿ ಮಾತಾಡುವುದುಂಟೇ? ಅವರು ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಬಂದು ಬರ್ಮಾದ ಕಡೆ ಮುಖ ಮಾಡಿ ನಿಂತು ಬರ್ಮಾಕ್ಕೇ ಪಾಠ ಹೇಳುವರು. ನಾವು ಸೆರಗು ಹೊದ್ದು ಹಿಂದೆ ನಿಂತು ಕೇಳಿಸಿಕೊಳ್ಳಬೇಕು.

"ಇದರ ಮುಂದ ಜೋತಾಡೂದು ಒಂದೂ ಇರಬಾರದು. ಸೆರಗ ಬಿಗೀಬೇಕು, ಜಡಿ ಕಟ್ಟಬೇಕು, ಲಿಂಗದ ದಾರ ಕುಪ್ಪಸದಾಗ ಇರಬೇಕು. ದಂಡಿ ಕೈಯಾಗ ಹಿಡದು ಕೊರ್ಯಾಕ ಹೋಗಬಾರದು, ಶಿಕಂಜಾದ ದವಡ್ಯಾಗ ಬಿಗದು ಕೊರೀಬೇಕು. ತೂತು ಬೀಳೂ ಹೊತ್ತಿಗೆ ಒತ್ತು ಕಡಿಮಿ ಮಾಡಬೇಕು, ಇಲ್ಲಾಂದ್ರ ಕಚ್ಚತದ. ಕಬ್ಬಿಣದ ಸುರುಳಿ ಬೆರಳಲೆ ತಗೀಬಾರದು, ಕುಂಚಲೆ ತಗೀಬೇಕು."

ಮೊನೆಯನ್ನು ಬಿಗಿಯುವ ಒಂದು ಸ್ಕ್ರೂ ಪಕ್ಕಕ್ಕೆ ಚೂರೇ ಚಾಚಿಕೊಂಡಿತ್ತು. ನಿಂತಾಗ ಕಾಣುತ್ತದೆ, ತಿರುಗುವಾಗ ಕಾಣುವುದಿಲ್ಲ. ಮಾವನವರು ಅದನ್ನು ಮುಟ್ಟಿ ತೋರಿಸಿ "ಇದು ಇದರ ಹಲ್ಲು" ಅನ್ನುತ್ತಿದ್ದರು. ಕೊನೆಯ ಮಾತು ಚಕ್ರ ತಿರುಗಿಸುವವರಿಗೆ. "ನಿಮ್ಮ ಕಣ್ಣು ಚಕ್ರದ ಮ್ಯಾಲ ಬ್ಯಾಡ, ಕುಂತವರ ಕೈ ಮ್ಯಾಲ ಇರಲಿ. ಹಿಡಿಕಿ ಬಿಟ್ರ ಚಕ್ರ ನಿಲ್ಲಂಗಿಲ್ಲ. ಗಟ್ಟಿ ಹಿಡದು ನಿಲ್ಲಸಬೇಕು. ಅರ್ಧ ಸುತ್ತೂ ಹೆಚ್ಚು ಆಗಬಾರದು."

ಮೊದಲು ಮಣೆಯ ಮೇಲೆ ಕೂತವಳು ನಾನೇ. ಹಿರಿಯ ಸೊಸೆಯಲ್ಲವೇ. ಸಿರ್ಗಾಪುರದ ಹೊಲದ ಮನೆಯಿಂದ ಬಂದವಳು ನಾನು, ಕಬ್ಬಿಣವೆಂದರೆ ಕುಡುಗೋಲು, ಕುಂಟೆ ಅಷ್ಟೇ ಗೊತ್ತು. ನಾನು ಕೊರೆದ ಮೂರನೆಯ ದಂಡಿಯ ನಡುವಿನ ತೂತು ಜೋಳದ ಕಾಳಿನಷ್ಟು ಆಚೆ ಬಿತ್ತು. ಮಾವನವರು ಅದನ್ನು ಕಣ್ಣಿಗೆ ಹಿಡಿದು ನೋಡಿ ಗುಜರಿಯ ಬುಟ್ಟಿಗೆ ಹಾಕಿದರು. ಬೈದಿದ್ದರೆ ಮರೆಯುತ್ತಿದ್ದೆನೋ ಏನೋ.

ಮರುದಿನ ನೆಗೆಣ್ಣಿ ಮಣೆಗೆ, ನಾನು ಚಕ್ರಕ್ಕೆ. ಅವಳು ತಾಂಡೂರಿನ ಹುಡುಗಿ. ತವರಿನಲ್ಲಿ ನೆಲಕ್ಕೆ ಹಾಸುವ ಕಲ್ಲು ಕೊಯ್ದು ತಿದ್ದುವ ಕೆಲಸ. ಹುಟ್ಟಿದಾಗಿನಿಂದ ಅಳತೆ, ಗೆರೆ, ಮೂಲೆ ನೋಡಿ ಬೆಳೆದವಳು. ಹೆಬ್ಬೆರಳಿನಿಂದ ದಂಡಿಯನ್ನು ಒಮ್ಮೆ ಸವರಿದರೆ ಗುರುತು ಎಲ್ಲಿದೆ ಎಂದು ಅವಳಿಗೆ ತಿಳಿಯುತ್ತಿತ್ತು. ಒಂದು ತೂತೂ ತಪ್ಪಲಿಲ್ಲ. ತಪ್ಪಲಿ ಎಂದು ನಾನು ಎಷ್ಟು ಬೇಡಿಕೊಂಡೆ ಎನ್ನುವುದು ನನ್ನ ಕೊರಳಿನ ಲಿಂಗಕ್ಕೆ ಗೊತ್ತು. ಅದಕ್ಕೂ ನನ್ನ ಮೇಲೆ ಬೇಸರ ಬಂದಿರಬೇಕು.

ನನ್ನ ಕಣ್ಣು ಅವಳ ಕೈ ಮೇಲೆ ಇರಲಿ ಎಂದಿದ್ದರಲ್ಲ, ಇಟ್ಟೆ. ನೋಡಿ ನೋಡಿ ಒಂದು ಹುಳುಕು ಹಿಡಿದೆ. ಕೂರುವ ಮೊದಲು ಅವಳು ಬಲಗೈಯ ಹಸಿರು ಬಳೆಗಳನ್ನೆಲ್ಲ ಕಳಚಿ ಗೋಡೆಯ ಗೂಡಿನಲ್ಲಿ ಇಡುತ್ತಿದ್ದಳು. ಜೋತಾಡುವುದು ಇರಬಾರದು ಎಂಬ ಮಾತನ್ನು ಅವಳು ಬಳೆಗೂ ಹಚ್ಚಿಕೊಂಡಿದ್ದಳು. ಸರಿಯಾಗಿಯೇ ಮಾಡುತ್ತಿದ್ದಳು. ನನಗೆ ಅದು ಸರಿ ಎಂದು ಗೊತ್ತಿದ್ದೂ ಅತ್ತೆಯವರ ಹತ್ತಿರ ಹೋದೆ.

"ಅತ್ತಿಯವರ, ಗಂಡ ತಾಂಡೂರ ಹಾದ್ಯಾಗ ಹೊಂಟಾನ, ಇಕಿ ಇಲ್ಲಿ ಬರೇ ಕೈಲೆ ಕುಂತಾಳ್ರಿ. ನಾ ಏನೂ ಹೇಳಬಾರದು ಅಂದ್ಕೊಂಡಿದ್ದೆ."

ಮುತ್ತೈದೆಯ ಕೈ ಬರಿದಾಗುವುದೆಂದರೆ ಆ ಕಾಲದಲ್ಲಿ ಸಣ್ಣ ಮಾತಲ್ಲ, ಅದರಲ್ಲೂ ಮಗ ದಾರಿಯಲ್ಲಿರುವಾಗ. ಅತ್ತೆಯವರು ಬಳೆ ತೆಗೆಯಕೂಡದು ಎಂದುಬಿಟ್ಟರು. ಬಳೆಗಳನ್ನು ಮೊಣಕೈ ಹತ್ತಿರ ಏರಿಸಿ ಅರಿವೆಯಿಂದ ಬಿಗಿದು ಕಟ್ಟಿಕೊಳ್ಳಲಿ ಎಂದು ಕೊನೆಗೆ ತೀರ್ಮಾನವಾಯಿತು. ಮಾವನವರು ಹೆಂಗಸರ ಮಾತಿನಲ್ಲಿ ಬಾಯಿ ಹಾಕಲಿಲ್ಲ. ಬರ್ಮಾದ ಮುಂದೆ ನಿಂತು, "ಗಂಟಿನ ತುದಿ ಒಳಗ ಸಿಗಸಬೇಕು" ಎಂದಷ್ಟೇ ಅದಕ್ಕೆ ಹೇಳಿ ಹೋದರು.

ದಿನವೂ ಅವಳ ಕೈಗೆ ಅರಿವೆ ಕಟ್ಟುತ್ತಿದ್ದವಳು ನಾನೇ. ಬಿಗಿಯಾಗಿಯೇ ಕಟ್ಟುತ್ತಿದ್ದೆ, ತುದಿಯನ್ನು ಒಳಗೇ ಸಿಗಿಸುತ್ತಿದ್ದೆ. ಇದನ್ನು ಮೊದಲು ಹೇಳುತ್ತಿದ್ದೇನೆ, ಯಾಕೆಂದರೆ ಮುಂದೆ ಹೇಳುವುದನ್ನೂ ನೀವು ನಂಬಬೇಕು.

ಒಂದು ಬೆಳಿಗ್ಗೆ ನಾರಾಯಣಖೇಡದ ವ್ಯಾಪಾರಿಯೊಬ್ಬರು ಬಂದು, ಅಷ್ಟು ದೂರದಲ್ಲಿ ನಮ್ಮ ತಕ್ಕಡಿಯ ಮಾತು ನಡೆಯದ ಅಂಗಡಿಯಿಲ್ಲ ಎಂದು ಹೊಗಳಿ ಹೋದರು. ಮಾವನವರು ಒಳಗೆ ಬಂದರು. ಬರ್ಮಾದ ಕಡೆ ತಿರುಗಲಿಲ್ಲ. ನೆಗೆಣ್ಣಿಯ ಕಡೆ ತಿರುಗಿ, ಅವಳ ಮುಖ ನೋಡಿಯೇ ಹೇಳಿದರು:

"ಶಾಭಾಸ್, ಮಗಳ. ನನ್ನ ಕೈ ನಿನಗ ಬಂದದ."

ಎಂಟು ವರ್ಷ ನಾನು ಆ ಮನೆಯಲ್ಲಿ ಅವರ ಬೆನ್ನನ್ನು ಮಾತ್ರ ನೋಡಿದ್ದೆ. ಪಕ್ಕದಲ್ಲೇ ನಿಂತಿದ್ದೆ, ಅಂಗೈ ಹಿಡಿಕೆಗೆ ಉಜ್ಜಿ ಉಜ್ಜಿ ಜಡ್ಡುಗಟ್ಟಿತ್ತು. ನನ್ನ ಕಡೆ ಅವರ ಕಣ್ಣು ಹೊರಳಲೇ ಇಲ್ಲ. ಅವಳು ಸೆರಗಿನೊಳಗೆ ನಾಚಿ ನಕ್ಕಳು. ನನಗೆ ಮೈಯೆಲ್ಲ ಪರಚಿಕೊಳ್ಳುವ ಹಾಗಾಯಿತು.

ಅವರು ಹೊರಗೆ ಹೋದರು, ನಾವು ಕೆಲಸ ಹಿಡಿದೆವು. ಎರಡನೆಯ ತೂತಿನ ಹೊತ್ತಿಗೆ ಎಣ್ಣೆ ಕುಡಿದ ಅರಿವೆ ಸಡಿಲವಾಗಿ ಬಳೆಗಳ ಸಮೇತ ಕೆಳಗೆ ಜಾರಿತು. ತುದಿ ಹೊರಬಂದು ಅವಳ ಮುಂಗೈ ಹತ್ತಿರ ತೂಗಾಡತೊಡಗಿತು. ಅವಳ ದೃಷ್ಟಿ ಗುರುತಿನ ಮೇಲಿತ್ತು. ನಾನು ನೋಡಿದೆ. ಸ್ಕ್ರೂ ಎಲ್ಲಿ ತಿರುಗುತ್ತಿದೆ ಎಂದೂ ನನಗೆ ಗೊತ್ತಿತ್ತು. ಹಿಡಿಕೆ ನನ್ನ ಎರಡೂ ಕೈಯಲ್ಲಿತ್ತು, ಗಟ್ಟಿ ಹಿಡಿದರೆ ಅಲ್ಲೇ ನಿಲ್ಲುತ್ತಿತ್ತು.

ನಾನು ಇನ್ನೊಂದು ಸುತ್ತು ತಿರುಗಿಸಿದೆ. ಕೈ ತಡೆಯಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ತಿರುಗಿಸಿದೆ.

ಅರಿವೆ ಸ್ಕ್ರೂಗೆ ಸಿಕ್ಕಿತು. "ಅಕ್ಕಾ" ಎಂದು ಅವಳು ಕೂಗುವಷ್ಟರಲ್ಲಿ ಕೈ ಎಳೆದುಕೊಂಡು ಹೋಗಿ ಬಳೆಗಳು ಒಡೆದವು. ಆಗ ನಾನು ಚಕ್ರಕ್ಕೆ ಎದೆ ಕೊಟ್ಟು ನಿಲ್ಲಿಸಿದೆ. ಮುಂಗೈಗೆ ಗಾಜು ಚುಚ್ಚಿತ್ತು, ಹೆಬ್ಬೆರಳು ಹಿಂದಕ್ಕೆ ತಿರುಚಿತ್ತು. ರಾಯಿಕೋಡಿನಿಂದ ಎಲುಬು ಕೂಡಿಸುವವರನ್ನು ಕರೆಸಿದರು. ಗಾಯ ಮಾಯಿತು, ಹೆಬ್ಬೆರಳು ಮಾತ್ರ ಮತ್ತೆ ಪೂರ್ತಿ ಮಡಚಲಿಲ್ಲ.

ಹೇಗಾಯಿತು ಎಂದು ಮಾವನವರು ಕೇಳಿದಾಗ ನಾನು ಒಡೆದ ಬಳೆಯ ಚೂರು ಆರಿಸತೊಡಗಿದೆ. ಮಾತಾಡಿದವಳು ಅವಳು.

"ಚಕ್ರ ಎಳಕೊಂಡು ಹೋತ್ರಿ, ಮಾವಾರ. ಅಕ್ಕ ಹಿಡದು ನಿಲ್ಲಸಿದ್ರು."

ಎಲ್ಲರೂ ನನ್ನನ್ನು ಹೊಗಳಿದರು. ಅತ್ತೆಯವರು ನನ್ನ ದೃಷ್ಟಿ ತೆಗೆದರು. ಕೇಳುತ್ತೀರಾ?

ಎರಡು ತಿಂಗಳಾದ ಮೇಲೆ ಬರ್ಮಾ ಮತ್ತೆ ಶುರುವಾಯಿತು. ಮಡಚದ ಹೆಬ್ಬೆರಳಿನಲ್ಲಿ ಸಣ್ಣ ಚಕ್ರ ಹಿಡಿಯಲಾಗುವುದಿಲ್ಲ. ಮಣೆ ನನಗೆ ಬಂತು. ಅವಳು ಎಡಗೈ ಮುಂದುಮಾಡಿ ದೊಡ್ಡ ಚಕ್ರದ ಹಿಡಿಕೆ ಹಿಡಿದಳು. ನನ್ನ ಬಲಗೈಯ ಬಳೆ ಕಳಚಲು ಈ ಸಲ ಅತ್ತೆಯವರೇ ಹೇಳಿದರು.

ಮಣೆಯ ಮೇಲೆ ಕೂತೆ. ಮೊನೆಯ ಕೆಳಗೆ ನನ್ನ ಕೈ, ಪಕ್ಕದಲ್ಲಿ ಅವಳು. ಚಕ್ರ ತಿರುಗತೊಡಗಿತು. ಗುರುತಿನ ಕಡೆ ನೋಡಲಾಗಲಿಲ್ಲ, ಮತ್ತೆ ಮತ್ತೆ ಅವಳ ಮುಖ ನೋಡುತ್ತಿದ್ದೆ. ಅವಳು ನನ್ನ ಬೆರಳುಗಳನ್ನೇ ನೋಡುತ್ತಿದ್ದಳು. ಒಮ್ಮೆ ನನ್ನ ಸೆರಗು ಭುಜದಿಂದ ಚೂರು ಸರಿಯಿತು. ನನಗೆ ಗೊತ್ತೇ ಆಗಿರಲಿಲ್ಲ. ನಾನು ಬಾಯಿ ತೆರೆಯುವ ಮೊದಲೇ ಚಕ್ರ ನಿಂತಿತ್ತು.

"ಸೆರಗ ಸಿಗಸ್ಕೋರಿ, ಅಕ್ಕಾ," ಎಂದಳು. ಆಮೇಲೆ ದನಿ ಏರಿಸದೆ, "ನಿಮ್ಮ ಕೈ ನನಗ ಕಾಣ್ತದ. ಅವತ್ತ ನಿಮಗ ನಂದು ಕಂಡಂಗ. ನೀವು ತೂತಿನ ಕಡಿ ನೋಡ್ರಿ."

ನಾನು ಸೆರಗು ಸಿಗಿಸಿಕೊಂಡೆ. ತೂತು ಗುರುತಿನ ಮೇಲೆಯೇ ಬಿತ್ತು. ಮಾವನವರು ದಂಡಿಯನ್ನು ಎತ್ತಿ ನೋಡಿ ತಲೆಯಾಡಿಸಿದರು. ಇಷ್ಟು ವರ್ಷ ಕಾದ ಮೆಚ್ಚುಗೆ ಕೈಗೆ ಬಂದ ಆ ಹೊತ್ತಿನಲ್ಲೂ ನನಗೆ ಅವಳ ಮೇಲೆ ಹೊಟ್ಟೆಕಿಚ್ಚೇ ಆಯಿತು, ಚಕ್ರವನ್ನು ಅಷ್ಟು ಬೇಗ ನಿಲ್ಲಿಸಲು ಅವಳಿಗೆ ಬರುತ್ತದಲ್ಲ ಎಂದು.